ಹಳೇ ನೀರಿನ ಮೋಹ

1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರಕ್ಕೆ ಹೋದ ಆನಾ ಥಿನ್ ಎಂಬ ಪಾದ್ರಿಪತ್ನಿ ಅಲ್ಲಿನ ಜೀವಂತ ಹವಳಗಳನ್ನು ಕಂಡು ಮರುಳಾದರು. ಲಂಡನ್ನಿಗೆ ಒಯ್ಯುವಾಗ ಅಲುಗಾಡಿ ಹಾಳಾಗದಿರಲೆಂದು ಅವನ್ನು ಸೂಜಿದಾರದಿಂದ ಒಂದು ದೊಡ್ಡ ಸ್ಪಂಜಿಗೆ ಹೊಲಿದು, ಕಡಲನೀರಿನ ಜಾಡಿಯಲ್ಲಿ ಮುಳುಗಿಸಿಟ್ಟರು. ಹವಳಗಳು ಸುಖವಾಗಿ ಊರು ಸೇರಿದವು. ತಾಪತ್ರಯ ಶುರುವಾದದ್ದು ಆಮೇಲೆ. ದಿನ ಬಿಟ್ಟು ದಿನ ಹೊಸ ಕಡಲನೀರು ತರಿಸಬೇಕಿತ್ತು. ನೀರಿಗೆ ತತ್ವಾರವಾದಾಗ ಆಕೆ ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಈ ಪಾತ್ರೆಯಿಂದ ಆ ಪಾತ್ರೆಗೆ ಎತ್ತಿ ಹೊಯ್ಯಿಸಿ, ಗಾಳಿ ಬೆರೆಸಿ ಮತ್ತೆ ಬಳಸತೊಡಗಿದರು. ಒಂದೊಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆಯ ಕೆಲಸ. ರಟ್ಟೆ ನೋಯಿಸಿಕೊಂಡವಳು ಮನೆಗೆಲಸದ ಹುಡುಗಿ.

ಮರುವರ್ಷ ಥಿನ್ ಅದೇ ನೀರಿಗೆ ಕಡಲ ಪಾಚಿಯನ್ನೂ ಸೇರಿಸಿದರು. ಅದೇ ಹಾದಿಯಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಒಂದು ಪ್ರಯೋಗ ಹೂಡಿದರು. ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರ್ಗಿಡ ನೆಟ್ಟರು. ಕೊಳೆತ ಎಲೆಗಳಿಂದ ನೀರು ಕದಡಿತು, ಗಾಜಿಗೆ ಪಾಚಿ ಕಟ್ಟಿತು. ಆಗ ಕೊಳದ ಬಸವನಹುಳುಗಳನ್ನು ಒಳಗೆ ಬಿಟ್ಟರು. ಅವು ಕೊಳೆತದ್ದನ್ನೂ ಪಾಚಿಯನ್ನೂ ಮೇಯ್ದವು, ನೀರು ತಿಳಿಯಾಯಿತು. ಮೀನಿಗೆ ಗಿಡದ ಆಮ್ಲಜನಕ, ಗಿಡಕ್ಕೆ ಮೀನಿನ ಇಂಗಾಲದ ಡೈಆಕ್ಸೈಡ್, ಇಬ್ಬರ ಕಸ ಗುಡಿಸಲು ಬಸವನಹುಳು. 1850ರಲ್ಲಿ ಈ ವರದಿ ಪ್ರಕಟವಾದದ್ದೇ ತಡ, ನೀರು ಬದಲಿಸದೆಯೇ ಮೀನು ಸಾಕಬಹುದೆಂಬ ಆಸೆಗೆ ರೆಕ್ಕೆ ಬಂತು.

ಕಾಲವೂ ಕೂಡಿ ಬಂದಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಉಳ್ಳವರ ದಿವಾನಖಾನೆಗಳಲ್ಲಿ ಗಾಜಿನ ತೊಟ್ಟಿಗಳು ಕಾಣಿಸಿಕೊಂಡವು.

ಆ ಕಾಲದವರು ತೊಟ್ಟಿಯ ತಳ ಶುಚಿ ಮಾಡುತ್ತಿದ್ದ ಬಗೆ ಸೊಗಸಾಗಿದೆ. ಕೈಯಲ್ಲಿ ಎರಡೂ ಕಡೆ ಬಾಯಿ ತೆರೆದ ಒಂದು ಉದ್ದನೆಯ ಗಾಜಿನ ಕೊಳವೆ. ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ತುದಿಯನ್ನು ಕಸದ ನೆತ್ತಿಗೆ ಇಳಿಸುವುದು. ಬೆರಳೆತ್ತಿದರೆ ಒಳಗಿನ ಗಾಳಿ ಹೊರಬಿದ್ದು, ನೀರು ಕಸವನ್ನು ಹೊತ್ತು ಕೊಳವೆಯೊಳಕ್ಕೆ ನುಗ್ಗುತ್ತದೆ. ಮತ್ತೆ ಬೆರಳಿಟ್ಟು ಮೇಲೆತ್ತಿದರೆ ಆಯಿತು. ಮೀನಿಗೂ ಗಿಡಕ್ಕೂ ಸ್ವಲ್ಪವೂ ಕದಲಿಕೆ ಇಲ್ಲ. ಆದರೆ ಒಂದು ಸಲಕ್ಕೆ ಬರುವುದು ಒಂದು ಗುಟುಕು ನೀರು.

ದೊಡ್ಡ ತೊಟ್ಟಿಗಳಿಗೆ ಈ ಚಮತ್ಕಾರ ಸಾಲದೆಂದು ಮೊದಲೇ ಅರಿತವರಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಒಬ್ಬರು. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟು ದಿವಾಳಿಯಾದ ಈತ 1864ರಲ್ಲಿ ಹ್ಯಾಂಬರ್ಗಿನಲ್ಲೂ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲೂ ಸಾರ್ವಜನಿಕ ಮೀನುಮನೆಗಳನ್ನು ರೂಪಿಸಿದರು. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ನೆಲಮಾಳಿಗೆ ಟಾಂಕಿ, ಅಲ್ಲಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಸದಾ ಪಂಪು ನೀರು ಹರಿಸುವ ಏರ್ಪಾಡು. ಬೆಳಕಿಲ್ಲದ ಕಡೆ ಪಾಚಿ ಬೆಳೆಯದು, ನೀರು ಹೆಚ್ಚಿದ್ದರೆ ಕೊಳೆ ಬೇಗ ಮುಟ್ಟದು. ಆದರೆ ಲಾಯ್ಡ್ ಅವರಿಗೂ ಹೆಮ್ಮೆಯಿದ್ದದ್ದು ಅದೇ ನೀರನ್ನು ವರ್ಷಗಟ್ಟಲೆ ತಿರುಗಿಸುವುದರಲ್ಲಿ.

ಮನೆಗಳಲ್ಲಂತೂ ಹಳೇ ನೀರಿಗೆ ಭಾರೀ ಮರ್ಯಾದೆ. ತಿಳಿಚಹಾದ ಬಣ್ಣಕ್ಕೆ ತಿರುಗಿದ ನೀರನ್ನು ಚೆಲ್ಲುವುದು ಅವಿವೇಕ ಎಂಬ ನಂಬಿಕೆ ಇಪ್ಪತ್ತನೇ ಶತಮಾನದಲ್ಲೂ ಉಳಿಯಿತು. ಇದಕ್ಕೆ ಸವಾಲು ಹಾಕಿದವರಲ್ಲಿ ನ್ಯೂಯಾರ್ಕ್ ಅಕ್ವೇರಿಯಂನ ಜೇಮ್ಸ್ ಆಟ್ಜ್ ಪ್ರಮುಖರು. ಗಿಡ ಮತ್ತು ಮೀನಿನ ಸಮತೋಲನ ಬರೀ ಕಟ್ಟುಕತೆ, ಆಮ್ಲಜನಕ ಮುಖ್ಯವಾಗಿ ಸೇರುವುದು ನೀರಿನ ಮೇಲ್ಮೈಯಿಂದ ಎಂದು 1949ರಲ್ಲಿ ಅವರು ವಾದಿಸಿದರು.

ಉಸಿರಿನ ಲೆಕ್ಕ ಬಗೆಹರಿದರೂ ಹೊಲಸಿನ ಲೆಕ್ಕ ಬಾಕಿ ಇತ್ತು. ಮೀನು ಹೊರಹಾಕುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳನ್ನು ರಷ್ಯದ ಸೆರ್ಗೆ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದರು. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಹರಳುಗಳಲ್ಲಿ ಮನೆಮಾಡಿಕೊಂಡು ದುಡಿಯುವುದು ಇಂಥವೇ. ಆದರೆ ಅವುಗಳ ದುಡಿಮೆ ನೈಟ್ರೇಟಿನಲ್ಲಿ ನಿಲ್ಲುತ್ತದೆ. ನೈಟ್ರೇಟ್ ಏರುತ್ತಾ, ನೀರು ಹುಳಿಯಾಗುತ್ತಾ ಹೋಗುತ್ತದೆ. ಒಳಗಿನ ಹಳೇ ಮೀನುಗಳು ಮೆಲ್ಲಗೆ ಒಗ್ಗಿಕೊಂಡಿರುತ್ತವೆ. ಅಂಗಡಿಯಿಂದ ತಂದು ಬಿಟ್ಟ ಹೊಸ ಮೀನು ಮಾರನೇ ದಿನ ತೇಲುತ್ತದೆ. ಒಳ್ಳೆಯ ಫಿಲ್ಟರ್ ಇದ್ದರೂ ನೀರು ಬದಲಿಸಲೇಬೇಕೆಂದು ಹವ್ಯಾಸಿಗಳಿಗೆ ಕಡೆಗೂ ಮನವರಿಕೆಯಾದದ್ದು ಹೀಗೆ.

ಬದಲಿಸುವುದೇನೋ ಸರಿ, ಹೊರುವವರು ಯಾರು? ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 250 ಲೀಟರ್ ಹಿಡಿಯುತ್ತದೆ. ಮೂರನೇ ಒಂದು ಪಾಲು ಬದಲಿಸಬೇಕೆಂದರೆ ಸುಮಾರು 80 ಲೀಟರ್. ಹದಿನೈದು ಲೀಟರಿನ ಬಕೆಟ್ ಹಿಡಿದು ಐದಾರು ಸಲ ಬಚ್ಚಲಿಗೆ, ಮತ್ತೆ ಐದಾರು ಸಲ ಬಚ್ಚಲಿನಿಂದ. ಪೈಪನ್ನು ಬಾಯಲ್ಲಿ ಎಳೆದು ನೀರು ಹರಿಸುವವರ ನಾಲಿಗೆಗೆ ಮೀನಿನ ಪ್ರಸಾದ ಬೇರೆ!

ಪೈಪಿನ ತುದಿಗೆ ಅಗಲವಾದ ಪಾರದರ್ಶಕ ಕೊಳವೆ ಸಿಕ್ಕಿಸಿದಾಗ ಅರ್ಧ ಕೆಲಸ ಹಗುರಾಯಿತು. ಕೊಳವೆಯನ್ನು ಹರಳುಗಳಿಗೆ ಚುಚ್ಚಿದರೆ ಅವು ಒಳಗೆ ಕುದಿಯುವಂತೆ ಎದ್ದು ಹೊರಳಾಡುತ್ತವೆ. ಕೊಳವೆ ಅಗಲವಾದ್ದರಿಂದ ಸೆಳೆತ ಅಲ್ಲಿ ನಿಧಾನ. ಭಾರದ ಹರಳು ಕೆಳಗುರುಳುತ್ತದೆ, ಹಗುರವಾದ ಕೊಳೆ ಕಂದುಹೊಗೆಯಾಗಿ ಮೇಲೇರಿ ಪೈಪು ಸೇರುತ್ತದೆ.

ಉಳಿದರ್ಧ ಕೆಲಸ ಹಗುರಾದದ್ದು ಇಟಲಿಯ ಜೊವಾನ್ನಿ ವೆಂಚುರಿ 1797ರಲ್ಲಿ ಬರೆದಿಟ್ಟ ತತ್ವದಿಂದ. ಕಿರಿದಾದ ಕಂಠದಲ್ಲಿ ಹರಿಯುವ ನೀರಿನ ವೇಗ ಏರಿ ಒತ್ತಡ ಇಳಿಯುತ್ತದೆ, ಪಕ್ಕದ ಪೈಪಿನಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಅಡುಗೆಮನೆಯ ನಲ್ಲಿಗೆ ಇಂಥ ಕಂಠವನ್ನು ತಿರುಗಿಸಿ ಕೂರಿಸಿ ನಲ್ಲಿ ಬಿಟ್ಟರೆ ಪಡಸಾಲೆಯ ತೊಟ್ಟಿ ನೀರು ಸಿಂಕಿಗೆ ಬರುತ್ತದೆ. ಕೆಳಗಿನ ಬಾಯಿ ಮುಚ್ಚಿದರೆ ಅದೇ ಪೈಪಿನಲ್ಲಿ ನಲ್ಲಿ ನೀರು ತೊಟ್ಟಿಗೆ ಹೋಗುತ್ತದೆ. ಬಕೆಟ್ ಬೇಕಿಲ್ಲ. ಅಮೆರಿಕದ ಪೈಥಾನ್ ಎಂಬ ಕಂಪನಿಯ ಸಾಧನ ಎಷ್ಟು ಬಳಕೆಯಾಯಿತೆಂದರೆ, ಅಲ್ಲಿನ ಹವ್ಯಾಸಿಗಳ ಬಾಯಲ್ಲಿ ಇಂಥ ಪೈಪಿಗೇ ಆ ಹೆಸರು ಅಂಟಿಕೊಂಡಿದೆ.

ನಲ್ಲಿ ನೀರು ನೇರವಾಗಿ ಬಂದಾಗ ಕ್ಲೋರಿನ್ನೂ ಜೊತೆಗೆ ಬಂತು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಿಂದಲೇ ನಡೆಯುತ್ತಿದ್ದ ಕ್ಲೋರಿನೀಕರಣ ಊರೂರಿಗೆ ಹಬ್ಬಿತ್ತು. ಮನುಷ್ಯರನ್ನು ರೋಗದಿಂದ ಕಾಯುವ ಅದು ಮೀನಿನ ಕಿವಿರನ್ನು ಸುಡುತ್ತದೆ. ಸೋಡಿಯಂ ಥಯೋಸಲ್ಫೇಟ್ ಬೆರೆಸಿದರೆ ಅದರ ಕಾಟ ತಪ್ಪುತ್ತದೆ. ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಆರಿಹೋಗುವುದುಂಟು, ಕೆಲವೆಡೆ ಅದರ ಬದಲು ಬೆರೆಸುವ ಕ್ಲೋರಮಿನ್ ಹಾಗೆ ಹೋಗದು.

ಈ ನಲ್ಲಿ ಉಪಾಯ ಬೆಂಗಳೂರಿನ ಎಷ್ಟೋ ಮನೆಗಳಿಗೆ ಒಗ್ಗುವುದಿಲ್ಲ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ತಕ್ಕ ಒತ್ತಡ ಇರುವುದಿಲ್ಲ. ಮೇಲಾಗಿ, ಸೆಳೆಯುವಷ್ಟು ಹೊತ್ತೂ ಒಳ್ಳೆಯ ನೀರು ಸಿಂಕಿನಲ್ಲಿ ವ್ಯರ್ಥವಾಗಿ ಹರಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ 5000 ರೂಪಾಯಿ ದಂಡ ವಿಧಿಸಿದ ಊರಿದು. ಇಂಥ ಕಡೆ ಸಲ್ಲುವುದು ಸಣ್ಣದೊಂದು ಸಬ್‌ಮರ್ಸಿಬಲ್ ಪಂಪು. ತೊಟ್ಟಿಯಲ್ಲಿಟ್ಟರೆ ನೈಟ್ರೇಟ್ ತುಂಬಿದ ಹಳೇ ನೀರು ಪೈಪಿನಲ್ಲಿ ಬಾಲ್ಕನಿಯ ಗುಲಾಬಿ, ಕರಿಬೇವಿನ ಕುಂಡಗಳಿಗೆ ಹೋಗುತ್ತದೆ. ಅದೇ ಪಂಪನ್ನು ತೊಳೆದು, ಕ್ಲೋರಿನ್ ತೆಗೆದ ನೀರಿನ ಡ್ರಮ್ಮಿಗೆ ಇಳಿಸಿದರೆ ಹೊಸ ನೀರು ತೊಟ್ಟಿಗೆ ಬರುತ್ತದೆ.