ಕರುಳಿನ ಜೋಡಣೆ: ಶಸ್ತ್ರಕ್ರಿಯೆಯ ವಿಧಾನ ಮತ್ತು ನಂತರದ ತೊಡಕುಗಳು

ಆಪರೇಷನ್ ಚೆನ್ನಾಗಿ ಆಯಿತೆಂದು ವೈದ್ಯರು ಹೇಳಿದೊಡನೆ ನಾವು ನಿರಾಳರಾಗುತ್ತೇವೆ. ಕರುಳಿನ ಶಸ್ತ್ರಕ್ರಿಯೆಯ ಮಟ್ಟಿಗೆ ನಿಜವಾದ ಪರೀಕ್ಷೆ ಅನಂತರದ ದಿನಗಳಲ್ಲಿ ನಡೆಯುತ್ತದೆ. ರೋಗಗ್ರಸ್ತ ಭಾಗವನ್ನು ತೆಗೆದು ಕೂಡಿಸಿದ ತುದಿಗಳು ಸೋರಿದರೆ ಮಲವೂ ರೋಗಾಣುಗಳೂ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಸಂಚಕಾರ ತರಬಲ್ಲವು.

1826ರಲ್ಲಿ ಫ್ರಾನ್ಸಿನ ಆಂತ್ವಾನ್ ಲಾಂಬೇರ್ ಅವರು, ಕರುಳಿನ ಹೊರಪದರಗಳು ಪರಸ್ಪರ ತಾಗುವಂತೆ ಅಂಚುಗಳನ್ನು ಒಳಮಡಚಿ ಹೊಲಿಯುವ ಕ್ರಮವನ್ನು ರೂಪಿಸಿದರು. ಈ ಪದರಗಳು ಬೇಗನೆ ಬೆಸೆದುಕೊಳ್ಳುತ್ತವೆ. 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರು, ಹೊಲಿಗೆಯನ್ನು ಹಿಡಿದಿಡುವ ಬಲವು ಒಳಪೊರೆಯ ಕೆಳಗಿನ ಪದರದಲ್ಲಿದೆಯೆಂದು ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು.

ಇಂದು ಕೈಹೊಲಿಗೆಯೊಡನೆ ಸ್ಟೇಪ್ಲರ್ ಸಾಧನವೂ ಬಳಕೆಯಲ್ಲಿದೆ. ಸಾಧನ ಯಾವುದೇ ಇರಲಿ, ತುದಿಗಳಿಗೆ ರಕ್ತ ಸರಾಗವಾಗಿ ಹರಿಯಬೇಕು. ಜೋಡಣೆಯ ಮೇಲೆ ಎಳೆತವಿರಬಾರದು. ಗುದನಾಳದ ಕೆಳಭಾಗದ ಜೋಡಣೆಯಲ್ಲಿ ಸೋರಿಕೆಯ ಅಪಾಯ ಹೆಚ್ಚು. ಆದ್ದರಿಂದ ಅದು ಮಾಯುವವರೆಗೆ ಮಲವು ಹೊಟ್ಟೆಯ ಮೇಲಿನ ತಾತ್ಕಾಲಿಕ ದ್ವಾರದಿಂದ ಹೊರಹೋಗುವಂತೆ ಮಾಡುವುದುಂಟು. ಲ್ಯಾಪರೊಸ್ಕೋಪಿಯಲ್ಲಿ ಗಾಯ ಚಿಕ್ಕದು, ನೋವೂ ಗಾಯದ ಸೋಂಕೂ ಕಡಿಮೆ. ಆದರೆ ಒಳಗಿನ ಜೋಡಣೆಯ ನಿಯಮಗಳು ಬದಲಾಗವು.

ವಿಧಾನವೊಂದರಿಂದಲೇ ಎಲ್ಲವೂ ನಿರ್ಧಾರವಾಗದು. ಧೂಮಪಾನ, ಅಪೌಷ್ಟಿಕತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೂ ಮಾಯುವಿಕೆಯನ್ನು ಕುಂಠಿತಗೊಳಿಸುತ್ತವೆ. ಇವನ್ನು ಸರಿಪಡಿಸಲು ಕುಟುಂಬದವರು ಮೊದಲೇ ನೆರವಾಗಬಹುದು.

ಸೋರಿಕೆಯು ಹಲವು ಬಾರಿ ಮೊದಲ ವಾರದ ಆಸುಪಾಸಿನಲ್ಲಿ, ಕೆಲವೊಮ್ಮೆ ರೋಗಿಯು ಮನೆಗೆ ಮರಳಿದ ಮೇಲೆ ಕಾಣಿಸಿಕೊಳ್ಳುತ್ತದೆ. ಜ್ವರ, ನಾಡಿಯ ವೇಗ, ಹೆಚ್ಚುತ್ತಿರುವ ಹೊಟ್ಟೆನೋವು, ಉಬ್ಬರ, ವಾಂತಿ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಶಸ್ತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ಇಲ್ಲಿ ಒಂದು ರಾತ್ರಿಯ ವಿಳಂಬವೂ ದುಬಾರಿಯಾದೀತು.