ಚಾಲಗೇಣಿ, ಅಡಿಕೆ ತೋಟ, ರಯತವಾರಿ: ಕಾಸರಗೋಡಿನಲ್ಲಿ ಮೊದಲ ಕಮ್ಯುನಿಸ್ಟ್ ಸರ್ಕಾರದ ಭೂಸುಧಾರಣೆ

1957ರ ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡ್ ಸಂಪುಟ ಕೇರಳದಲ್ಲಿ ಅಧಿಕಾರ ವಹಿಸಿಕೊಂಡಿತು. ಏಪ್ರಿಲ್ 11ಕ್ಕೇ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಕಾಸರಗೋಡಿನ ಕನ್ನಡಿಗರು ಕೇರಳಕ್ಕೆ ಸೇರಿ ಆಗ ಐದು ತಿಂಗಳಷ್ಟೇ ಆಗಿತ್ತು.

ಆ ಸುಗ್ರೀವಾಜ್ಞೆಯ ಬೆಲೆ ತಿಳಿಯಬೇಕಾದರೆ ಚಾಲಗೇಣಿ ಎಂದರೇನೆಂದು ತಿಳಿಯಬೇಕು. ಮೂಲಗೇಣಿದಾರನ ಹಕ್ಕು ಶಾಶ್ವತವಾಗಿತ್ತು. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯಲ್ಲಿದ್ದವನು. ಗೇಣಿ ಅಕ್ಕಿಯ ಮುಡಿಗಳಲ್ಲಿ ಸಲ್ಲಬೇಕಿತ್ತು. ಇಂಥವನು ಅಡಿಕೆ ಸಸಿ ನೆಟ್ಟು, ತೋಡಿಗೆ ಕಟ್ಟ ಕಟ್ಟಿ ನೀರು ಹಾಯಿಸಿದರೂ ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಎಬ್ಬಿಸಿದರೆ ದುಡಿದದ್ದೆಲ್ಲ ಧಣಿಯ ಪಾಲಾಗುತ್ತಿತ್ತು. ಆ ಸಂಪುಟದ ಕೆಲಸಗಳಲ್ಲೆಲ್ಲ ಒಕ್ಕಲಿನ ಅಂಗಳಕ್ಕೆ ನೇರವಾಗಿ ಮುಟ್ಟಿದ್ದು ಈ ಸುಗ್ರೀವಾಜ್ಞೆಯೊಂದೇ ಎಂಬುದು ನನ್ನ ಅಭಿಪ್ರಾಯ.

ಕಂದಾಯ ಸಚಿವೆ ಕೆ.ಆರ್. ಗೌರಿ ತಂದ ಕೃಷಿ ಸಂಬಂಧ ಮಸೂದೆಗೆ ವಿಧಾನಸಭೆ 1959ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಜುಲೈ 31ರಂದು ಕೇಂದ್ರ ಸರ್ಕಾರ ಸಂಪುಟವನ್ನು ವಜಾ ಮಾಡಿತು. ಕಥನವನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಕಾಸರಗೋಡಿನ ಮಟ್ಟಿಗೆ ಅದು ಅರ್ಧ ಸತ್ಯ.

ಮಸೂದೆ ತಿದ್ದುಪಡಿಗೊಂಡು 1961ರಲ್ಲಿ ಕಾಯ್ದೆಯಾಯಿತು. ಹೊಸದುರ್ಗ, ಕಾಸರಗೋಡು ತಾಲ್ಲೂಕುಗಳ ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ 1961ರ ಡಿಸೆಂಬರ್ 5ರಂದು ಬಂದ ತೀರ್ಪು ಎರಡು ಮಾತು ಹೇಳಿತು. ಮದರಾಸು ರಾಜ್ಯದಿಂದ ಕೇರಳಕ್ಕೆ ಬಂದ ಇಲ್ಲಿನ ರಯತವಾರಿ (ಹಿಡುವಳಿದಾರ ನೇರ ಸರ್ಕಾರಕ್ಕೆ ಕಂದಾಯ ಕಟ್ಟುವ) ಜಮೀನು ಸಂವಿಧಾನದ 31ಎ ವಿಧಿ ಹೇಳುವ 'ಎಸ್ಟೇಟ್' ಅಲ್ಲ, ಆದ್ದರಿಂದ ಭೂಸುಧಾರಣಾ ಕಾನೂನಿಗೆ ಆ ವಿಧಿ ಕೊಡುವ ರಕ್ಷಣೆ ಇಲ್ಲಿ ಇಲ್ಲ. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ನಿರಾಕರಿಸಿದ್ದು ತಾರತಮ್ಯ. ಈ ರಯತವಾರಿ ಜಮೀನುಗಳ ಮಟ್ಟಿಗೆ ಕಾಯ್ದೆ ಬಿದ್ದುಹೋಯಿತು. ಕೇರಳದ ಜನ್ಮಿ (ಹುಟ್ಟುಹಕ್ಕಿನ ಭೂಮಾಲೀಕ) ಪದ್ಧತಿಯನ್ನು ಮುಂದಿಟ್ಟುಕೊಂಡು ಬರೆದ ಕಾನೂನು, ಕಾಸರಗೋಡು ಹಿಂದೆ ಸೇರಿದ್ದ ದಕ್ಷಿಣ ಕನ್ನಡದ ಹಿಡುವಳಿಯನ್ನು ಸಾಕಷ್ಟು ಗಮನಿಸಲಿಲ್ಲ. ಅದರ ದಂಡ ತೆತ್ತವನು ಚಾಲಗೇಣಿಯ ಒಕ್ಕಲು.

ಸಂವಿಧಾನದ 1964ರ ಹದಿನೇಳನೆಯ ತಿದ್ದುಪಡಿ ರಯತವಾರಿಯನ್ನೂ 'ಎಸ್ಟೇಟ್' ವ್ಯಾಖ್ಯೆಗೆ ಸೇರಿಸಿತು. ಕೇರಳದ ಹೊಸ ಭೂಸುಧಾರಣಾ ಕಾಯ್ದೆಯ ಜೊತೆಗೇ 1961ರ ಮೈಸೂರು (ಇಂದಿನ ಕರ್ನಾಟಕ) ಭೂಸುಧಾರಣಾ ಕಾಯ್ದೆಯೂ ಕಾನೂನುಗಳಿಗೆ ನ್ಯಾಯಾಲಯದಲ್ಲಿ ರಕ್ಷಣೆ ಕೊಡುವ ಒಂಬತ್ತನೆಯ ಅನುಸೂಚಿಗೆ ಸೇರಿತು. ದೇವರಾಜ ಅರಸರ ಸರ್ಕಾರ 1974ರಲ್ಲಿ ತಿದ್ದಿ ಬಿಗಿಗೊಳಿಸಿದ್ದು ಇದೇ ಕಾಯ್ದೆಯನ್ನು.