ಸ್ತನ ಕ್ಯಾನ್ಸರ್: ರೋಗದ ಹಾದಿ ತಿಳಿಸುವ ಪ್ರೋಟೀನ್‌ಗಳು

ಒಂದೇ ವಯಸ್ಸಿನ ಇಬ್ಬರು ಮಹಿಳೆಯರ ಸ್ತನದಲ್ಲಿ ಒಂದೇ ಗಾತ್ರದ ಗಡ್ಡೆ ಕಂಡುಬಂದರೂ ರೋಗದ ಹಾದಿ ಒಂದೇ ಆಗಿರಬೇಕೆಂದಿಲ್ಲ. ಒಬ್ಬರಲ್ಲಿ ಅದು ನಿಧಾನವಾಗಿ ಬೆಳೆದರೆ, ಇನ್ನೊಬ್ಬರಲ್ಲಿ ಬೇಗನೆ ಇತರ ಅಂಗಗಳಿಗೆ ಹರಡಬಹುದು. ಈ ವ್ಯತ್ಯಾಸವನ್ನು ಮುಂಚಿತವಾಗಿ ಅಂದಾಜಿಸಲು ಗಡ್ಡೆಯ ಗಾತ್ರ ಮತ್ತು ಕಂಕುಳಿನ ಗ್ರಂಥಿಗಳ ಸ್ಥಿತಿಯ ಜೊತೆಗೆ ಕ್ಯಾನ್ಸರ್ ಕೋಶಗಳಲ್ಲಿರುವ ಕೆಲವು ಪ್ರೋಟೀನ್‌ಗಳೂ ನೆರವಾಗುತ್ತವೆ. ಗಡ್ಡೆಯ ತುಣುಕಿನ ತೆಳು ಪದರಕ್ಕೆ ನಿರ್ದಿಷ್ಟ ಪ್ರತಿಕಾಯಗಳನ್ನು ಹಾಕಿ, ಬಣ್ಣ ಬರಿಸಿ, ಸೂಕ್ಷ್ಮದರ್ಶಕದಲ್ಲಿ ಇವುಗಳನ್ನು ಗುರುತಿಸಲಾಗುತ್ತದೆ. ಇದೇ ಐಎಚ್‌ಸಿ ಪರೀಕ್ಷೆ.

ಹಾರ್ಮೋನ್ ಗ್ರಾಹಕಗಳು

ಇಆರ್ ಎಂದರೆ ಈಸ್ಟ್ರೋಜೆನ್ ಗ್ರಾಹಕ. ಪಿಆರ್ ಎಂದರೆ ಪ್ರೊಜೆಸ್ಟರಾನ್ ಗ್ರಾಹಕ. ಶೇ 1ರಷ್ಟು ಕೋಶಗಳಲ್ಲಿ ಬಣ್ಣ ಕಂಡರೂ ಫಲಿತಾಂಶವನ್ನು ಪಾಸಿಟಿವ್ ಎಂದೇ ಪರಿಗಣಿಸಲಾಗುತ್ತದೆ. ಇಂಥ ಗಡ್ಡೆಗಳು ಸಾಮಾನ್ಯವಾಗಿ ನಿಧಾನಗತಿಯವು. 1977ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ಯಾಮಾಕ್ಸಿಫೆನ್ ಮಾತ್ರೆ ಇವುಗಳಿಗೆ ಇಂದಿಗೂ ಪ್ರಮುಖ ಔಷಧ. ಆದರೆ ಐದು ವರ್ಷಗಳ ನಂತರವೂ ರೋಗ ಮರುಕಳಿಸುವ ಸಾಧ್ಯತೆ ಇರುವುದರಿಂದ ತಪಾಸಣೆ ನಿಲ್ಲಿಸುವಂತಿಲ್ಲ.

ಹರ್-2

ಸುಮಾರು ಶೇ 15ರಿಂದ 20ರಷ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಈ ಪ್ರೋಟೀನ್ ವಿಪರೀತವಾಗಿರುತ್ತದೆ. ಇದರ ವಂಶವಾಹಿಯ ಪ್ರತಿಗಳು ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸಿ ಆಯಸ್ಸು ಕುಗ್ಗುತ್ತದೆಂದು 1987ರಲ್ಲಿ ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಈ ಪ್ರೋಟೀನ್‌ಗೇ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಹೀಗೆ ಕೆಟ್ಟ ಸುದ್ದಿಯ ಗುರುತೇ ಚಿಕಿತ್ಸೆಯ ಗುರಿಯಾಯಿತು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಇದರ ಜೈವಿಕ ಸಮಾನ ಔಷಧ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. 2017ರಲ್ಲಿ ಅಮೆರಿಕದ ಅನುಮತಿಯನ್ನೂ ಪಡೆಯಿತು.

ವರದಿಯಲ್ಲಿ 3+ ಎಂದಿದ್ದರೆ ಪಾಸಿಟಿವ್. 0 ಅಥವಾ 1+ ಎಂದಿದ್ದರೆ ನೆಗೆಟಿವ್. 2+ ಎಂದರೆ ಸಂದಿಗ್ಧ. ಆಗ ವಂಶವಾಹಿಯ ಪ್ರತಿಗಳನ್ನೆಣಿಸುವ ಫಿಶ್ ಪರೀಕ್ಷೆ ಅಗತ್ಯ. ಇದನ್ನು ಕೈಬಿಟ್ಟರೆ ಜೀವ ಉಳಿಸಬಲ್ಲ ಔಷಧವೇ ತಪ್ಪಿಹೋಗಬಹುದು.

ಕೆಐ-67

ಕೋಶಗಳು ಎಷ್ಟು ವೇಗವಾಗಿ ವಿಭಜನೆಯಾಗುತ್ತಿವೆ ಎಂಬುದರ ಸೂಚಕವಿದು. ಜರ್ಮನಿಯ ಕೀಲ್ ನಗರದಿಂದ ಇದಕ್ಕೆ ಹೆಸರು ಬಂದಿದೆ. ಶೇ 5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಿಧಾನ, ಶೇ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಎನ್ನಬಹುದು. ನಡುವಿನ ಅಂಕಿಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವ್ಯತ್ಯಾಸವಾಗುವುದರಿಂದ ಅವನ್ನೇ ನೆಚ್ಚಿ ನಿರ್ಧರಿಸುವುದು ಸರಿಯಲ್ಲ.

ಟ್ರಿಪಲ್ ನೆಗೆಟಿವ್

ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಆಗಿರುವ ಈ ಬಗೆ ಉಗ್ರ ಸ್ವರೂಪದ್ದು. ಮರುಕಳಿಸುವ ಅಪಾಯ ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚು. ಹಾರ್ಮೋನ್ ಚಿಕಿತ್ಸೆ ಇಲ್ಲಿ ಫಲಿಸದು. ಕಿಮೊಥೆರಪಿಯೇ ಮುಖ್ಯ ಆಧಾರ.

ರೋಗಿಗಳು ಗಮನಿಸಬೇಕಾದ್ದು

ಹೊರತೆಗೆದ ಅಂಗಾಂಶವನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ನಲ್ಲಿಟ್ಟು, 6ರಿಂದ 72 ಗಂಟೆಗಳ ಕಾಲ ಅದರಲ್ಲಿರಿಸಬೇಕು. ತಡವಾದರೆ ಪಾಸಿಟಿವ್ ಗಡ್ಡೆಯೂ ನೆಗೆಟಿವ್ ಎಂದು ತೋರಬಹುದು. ಐಎಚ್‌ಸಿ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅಂಗಾಂಶದ ಮೇಣದ ಬ್ಲಾಕ್ ಎಲ್ಲಿದೆಯೆಂದು ತಿಳಿದಿರಿ. ರೋಗ ಮರುಕಳಿಸಿದಾಗ ಈ ಗುರುತುಗಳು ಬದಲಾಗಿರಬಹುದಾದ್ದರಿಂದ ಸಾಧ್ಯವಿದ್ದಲ್ಲಿ ಮರುಪರೀಕ್ಷೆ ಸೂಕ್ತ.